ಬೂಟು ಕಳಚಿದ್ದು ಯಾರಿಗೆ

ಬೈಲಹೊಂಗಲ
ತಾ. 23-2-1976

ಮರೆವ್ವ,

ಕ್ಷೇಮ ಸಮಾಚಾರ ಆಮೇಲೆ. ಮೊದಲು ಇದಕ್ಕೆ ಉತ್ತರ ಕೊಡು.

ಶನಿವಾರ ಸವದತ್ತಿಯ ಅಂತರ ಕಾಲೇಜು ಓಟದಲ್ಲಿ ನೀನು ಎಲ್ಲರಿಗಿಂತ ಮುಂದಿದ್ದೆ. ಹಿಂದಿನ ಹುಡುಗಿಯರಿಗೆ ನಿನ್ನ ಬೆನ್ನು ಕೂಡ ಸರಿಯಾಗಿ ಕಾಣುತ್ತಿರಲಿಲ್ಲ. ಸುಣ್ಣದ ಗೆರೆ ಹಿಡಿದು ಉಗರಗೋಳದ ಹಾದಿ ಬಿಟ್ಟು ನಿಜಗುಣಪ್ಪ ಗೌಡರ ಹೊಲಕ್ಕೆ ಇಳಿದೆ, ಅವರ ಕಣದ ಅಂಚಿಗೆ ಬಂದೆ, ಅಲ್ಲಿ ಕುಳಿತೇಬಿಟ್ಟೆ! ಕಾಲು ಉಳುಕಿತೇನೋ ಎಂದು ನಾನು ಸೈಕಲ್ ಒಗೆದು ಓಡಿಬಂದರೆ ನೀನು ಬೂಟಿನ ಲೇಸು ಬಿಚ್ಚುತ್ತ ಕುಳಿತಿದ್ದೀ. ಎರಡೂ ಬೂಟು ಕಳಚಿ, ಕೈಯಲ್ಲಿ ಹಿಡಿದು, ತಲೆ ಬಗ್ಗಿಸಿ ಕಣ ದಾಟಿದೆ. ಅಷ್ಟರಲ್ಲಿ ಇಬ್ಬರು ನಿನ್ನನ್ನು ಹಿಂದೆ ಹಾಕಿ ಹೋದರು. ಮೂರನೆಯವಳಾಗಿ ಬಂದೆ.

ಆ ಕಣದಲ್ಲಿ ಕಂಬಳಿ ಹಾಸಿಕೊಂಡು ಕುಳಿತವರು ಯಾರು ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಗೌಡರು ನಮ್ಮ ಕಾಲೇಜಿನ ಆಡಳಿತ ಮಂಡಳಿಯ ಅಧ್ಯಕ್ಷರು. ಅವರನ್ನು ನೋಡಿ ನಿನ್ನ ಕೈ ಬೂಟಿಗೆ ಹೋಯಿತು. ಹೌದೋ ಅಲ್ಲೋ?

ನನ್ನ ಅಪ್ಪ ಲಗಮಪ್ಪ ರಾಮದುರ್ಗದ ಕಡೆಯ ನಮ್ಮ ಹಳ್ಳಿಯಲ್ಲಿ ಗೌಡರ ಓಣಿ ಬಂದಾಗಲೆಲ್ಲ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದ. ನಾನು ಅವನ ಹಿಂದೆ ನಡೆದವನು. ಓಣಿ ದಾಟಿದ ಮೇಲೂ ಎಷ್ಟೋ ಹೊತ್ತು ಅವನು ನನ್ನ ಮುಖ ನೋಡುತ್ತಿರಲಿಲ್ಲ. ನಾನು ಬುದ್ಧನ ಕಡೆ ಹೋದದ್ದು, ಹುಡುಗ ಹುಡುಗಿಯರನ್ನು ಮೈಲಿಗಟ್ಟಲೆ ಓಡಿಸುತ್ತಿರುವುದು, ಎಲ್ಲ ಆ ಓಣಿಯ ಸಿಟ್ಟಿನಿಂದಲೇ. ನೀನೂ ನಮ್ಮಂಥ ಕೇರಿಯಿಂದ ಬಂದವಳೇ. ಯಾರ ಮುಂದೆಯೂ ಕಳಚದಿರಲಿ ಎಂದೇ ನಿನಗೆ ಬೂಟು ಕೊಡಿಸಿದೆ. ಮೀಟಿಂಗಿನಲ್ಲಿ "ಹೆಣ್ಣುಮಕ್ಕಳಿಗೆ ಬೂಟು ಯಾಕ್ರಿ?" ಅಂದವರ ಜೊತೆಗೆಲ್ಲ ಜಗಳಾಡಿ ಕೊಡಿಸಿದೆ.

ಈ ಸಲ ಮೊದಲ ಸ್ಥಾನ ಬಂದರೆ ಮಾತ್ರ ನನ್ನ ಕೆಲಸ ಕಾಯಂ, ಇಲ್ಲದಿದ್ದರೆ ಓಟದ ತಂಡವೂ ಬಂದ್, ನಾನೂ ಮನೆಗೆ ಎಂದು ಪ್ರಿನ್ಸಿಪಾಲರು ಹೇಳಿದ್ದು ನಿನಗೆ ಗೊತ್ತಿತ್ತು. ಅದು ಹೋದರೆ ಹೋಗಲಿ. ನೀನು ತಲೆ ಬಗ್ಗಿಸಿದೆಯಲ್ಲ, ಅದು ನನಗೆ ನುಂಗಲಾಗುತ್ತಿಲ್ಲ.

ನೀಲಪ್ಪ ಮೇತ್ರಿ


ಸಿರಸಂಗಿ
ತಾ. 1-3-1976

ಗುರುಗಳಾದ ಮೇತ್ರಿ ಸರ್ ಅವರಿಗೆ ಮರೆವ್ವ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಓದಿ ಅತ್ತೆ. ಆಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಉತ್ತರ ಬರೆಯುತ್ತಿರಲಿಲ್ಲ.

ಸರ್, ಆ ಕಣದಲ್ಲಿ ಜೋಳದ ರಾಶಿ ಇತ್ತು. ರಾಶಿ ಇರುವ ಕಣದೊಳಗೆ ಯಾರಾದರೂ ಮೆಟ್ಟು ಹಾಕಿಕೊಂಡು ಹೋಗುತ್ತಾರೆಯೇ? ನನ್ನ ಅವ್ವ ಕೆಂಪವ್ವ ಸುಗ್ಗಿ ಬಂತೆಂದರೆ ಕಣಕ್ಕೆ ಹೋಗಿ ಕಾಳು ತೂರುತ್ತಾಳೆ. ನಾನು ಅಂಬೆಗಾಲಿಡುವ ಕೂಸಾಗಿದ್ದಾಗಿನಿಂದ ಅವಳ ಮೊರದ ಪಕ್ಕದಲ್ಲೇ ಬೆಳೆದವಳು. ಒಮ್ಮೆ ಚಪ್ಪಲಿ ಹಾಕಿಕೊಂಡು ಕಣದೊಳಗೆ ಓಡಿದ್ದಕ್ಕೆ ಬೆನ್ನು ಮುರಿಯುವ ಹಾಗೆ ಹೊಡೆದಿದ್ದಳು. "ಉಣ್ಣೂ ಕಾಳ ತುಳೀತಿ ಏನ ಭಾಡಕೋ!" ಅಂದಿದ್ದಳು. ಆ ಪೆಟ್ಟು ಮರೆಯುವಂಥದ್ದಲ್ಲ. ಮರೆತಿದ್ದರೂ ನಾನು ಕಳಚುತ್ತಿದ್ದೆ.

ಸುಣ್ಣದ ಗೆರೆ ಎಳೆದವರು ಪ್ಯಾಟಿಯವರು. ಗೆರೆ ಎಳೆಯುವಾಗ ರಾಶಿ ಇರಲಿಲ್ಲ, ಸಗಣಿ ಸಾರಿಸಿದ ಸಪಾಟು ನೆಲ ಕಂಡಿತು, ಓಡಲಿಕ್ಕೆ ಛಲೋ ಆಯಿತು ಎಂದುಕೊಂಡರು. ಬೇರೆ ಕಾಲೇಜಿನ ಹುಡುಗಿಯರೆಲ್ಲ ಬರಿಗಾಲಿನವರು, ಸುಮ್ಮನೆ ದಾಟಿ ಹೋದರು. ಇಡೀ ಓಟದಲ್ಲಿ ಬೂಟು ಇದ್ದದ್ದು ನನಗೊಬ್ಬಳಿಗೇ. ಲೇಸು ಸಡಿಲಾಗಬಾರದು ಎಂದು ಗಂಟಿನ ಮೇಲೆ ಗಂಟು ಹಾಕಿದವರು ನೀವೇ. ಅದನ್ನು ಬಿಚ್ಚುವಾಗ ನನ್ನ ಜೀವ ಹೋಗಿ ಬಂತು.

ಗೌಡರು ಅಲ್ಲಿದ್ದರು ಎಂಬುದು ನಿಮ್ಮ ಪತ್ರ ಬಂದ ಮೇಲೆ ನನಗೆ ಗೊತ್ತಾಯಿತು. ನನಗೆ ರಾಶಿ ಕಂಡಿತು. ನಿಮಗೆ ಗೌಡರು ಕಂಡರು.

ಓಟ ಮುಗಿದ ಮೇಲೆ ನೀವು ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಅದಕ್ಕೇ ಕಾಲೇಜಿನ ಗಾಡಿ ಹತ್ತದೆ ಮನೆಗೆ ಬಂದುಬಿಟ್ಟೆ.

ನಿಮ್ಮ ವಿದ್ಯಾರ್ಥಿನಿ
ಮರೆವ್ವ


ಬೈಲಹೊಂಗಲ
ತಾ. 5-3-1976

ಮರೆವ್ವಳಿಗೆ ಆಶೀರ್ವಾದಗಳು.

ನಿನ್ನ ಪತ್ರ ಮತ್ತೆ ಮತ್ತೆ ಓದಿದೆ. ಕಣದ ರೀತಿ ನನಗೆ ಗೊತ್ತಿರಲಿಲ್ಲ. ಚಿಕ್ಕವನಿದ್ದಾಗಲೇ ನಾವು ಹಳ್ಳಿ ಬಿಟ್ಟು ರಾಮದುರ್ಗ ಸೇರಿದೆವು, ನಾನು ಕಂಡದ್ದು ಮಗ್ಗದ ಓಣಿಗಳನ್ನೇ. ನೀನು ಹೇಳಿದ್ದನ್ನು ನಂಬುತ್ತೇನೆ. ಆದರೂ ಹೇಳುತ್ತೇನೆ, ನಾನಾಗಿದ್ದರೆ ಕಳಚುತ್ತಿರಲಿಲ್ಲ. ಕಾಳಿಗೆ ಕೈ ಮುಗಿದರೆ ಸಾಕು.

ಇಲ್ಲಿ ಬೇರೆಯೇ ಆಟ ನಡೆದಿದೆ. ಗೌಡರು ನಿನ್ನೆ ಪ್ರಿನ್ಸಿಪಾಲರ ಕೋಣೆಗೆ ನನ್ನನ್ನು ಕರೆಸಿದರು. ಬೈಯುತ್ತಾರೆ ಎಂದುಕೊಂಡು ಅಂಗಿಯ ತೋಳು ಮಡಚಿಕೊಂಡೇ ಹೋದೆ. ಅವರು ನಗುತ್ತಿದ್ದರು!

"ಏನ ಹುಡುಗಿ ತಯಾರ ಮಾಡೀರಿ ಮೇತ್ರಿ! ನನ್ನ ಕಂಡ ಕೂಡಲೇ ಓಟ ಬಿಟ್ಟು ಬೂಟ ಕಳದ್ಲು ನೋಡ್ರಿ. ಕಾಲ ಕೆಟ್ಟ ಕೂತೈತಿ ಅಂತಾರ, ಇನ್ನೂ ಇಂಥಾ ಮರ್ಯಾದಿ ಉಳದೈತಿ" ಅಂದರು. ಈ ಸಲದ ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಎಲ್ಲರ ಮುಂದೆ ನಿನಗೆ ಇಳಕಲ್ ಸೀರೆ ಕೊಟ್ಟು ಸತ್ಕಾರ ಮಾಡುತ್ತಾರಂತೆ. ಇದೇ ತಿಂಗಳ ಇಪ್ಪತ್ತಕ್ಕೆ.

ನಿನ್ನ ಮಾತು ಅಲ್ಲೇ ಅವರಿಗೆ ಹೇಳಬೇಕೆಂದು ಬಾಯಿ ತೆರೆದೆ. ಹೇಳುವವಳು ನೀನು ಇರುವಾಗ ನಾನ್ಯಾಕೆ ಹೇಳಲಿ ಎಂದು ಸುಮ್ಮನಾದೆ. ನಿನ್ನನ್ನು ಬಾ ಎನ್ನುವುದಿಲ್ಲ, ಬರಬೇಡ ಎನ್ನುವುದೂ ಇಲ್ಲ.

ನೀಲಪ್ಪ ಮೇತ್ರಿ


ಸಿರಸಂಗಿ
ತಾ. 11-3-1976

ಮೇತ್ರಿ ಸರ್ ಅವರಿಗೆ ನಮಸ್ಕಾರಗಳು.

ಬಾ ಎನ್ನುವುದಿಲ್ಲ, ಬರಬೇಡ ಎನ್ನುವುದಿಲ್ಲ! ಇದೆಂಥ ಮಾತು ಸರ್? ಓಡಿಸುವಾಗ ಹೀಗೆ ಹೇಳುತ್ತಿದ್ದಿರೇನು?

ನನಗೆ ಒಂದು ಮಾತು ತಿಳಿಯಬೇಕು. ಗೌಡರು ನಗುತ್ತಿದ್ದರು ಎಂದು ಬರೆದಿದ್ದೀರಿ, ನಿಮ್ಮ ಕೆಲಸದ ವಿಷಯ ಬರೆದಿಲ್ಲ. ನಾನು ಸೀರೆ ತೆಗೆದುಕೊಂಡು ನಕ್ಕು ಇಳಿದರೆ ನಿಮ್ಮ ಕೆಲಸ ಕಾಯಂ ಆಗುತ್ತದೆಯೇ? ಹಾಗಿದ್ದರೆ ಹೇಳಿಬಿಡಿ. ಬಾಯಿ ಹೊಲಿದುಕೊಂಡು ಹೋಗಿ, ಬಾಯಿ ಹೊಲಿದುಕೊಂಡೇ ಬರುತ್ತೇನೆ. ನಿಮ್ಮ ಋಣ ದೊಡ್ಡದು.

ಆದರೆ ಹೂಂ ಎನ್ನುವುದಾದರೆ ಹೂಂ ಎಂದು ಬರೆಯಿರಿ. ಅವ್ವ ಅಂತೂ "ಸೀರಿ ತಗೊಂಡ ಬಾ, ನಾ ಉಟಗೋತೇನಿ, ನನಗ ಯಾವ ಗೌಡನ ಹಂಗೂ ಇಲ್ಲ" ಎಂದು ನಗುತ್ತಾಳೆ.

ಮರೆವ್ವ


ಬೈಲಹೊಂಗಲ
ತಾ. 14-3-1976

(ಕಾರ್ಡು)

ಮರೆವ್ವಳಿಗೆ,

ನನ್ನ ಕೆಲಸ ಆಗಲೇ ಕಾಯಂ ಆಗಿದೆ. ಆರ್ಡರಿಗೆ ಸಹಿಯೂ ಆಗಿದೆ. ಅದಕ್ಕೂ ನಿನ್ನ ಸೀರೆಗೂ ಸಂಬಂಧವಿಲ್ಲ. ವೇದಿಕೆಯ ಮೇಲೆ ನಿನಗೆ ಏನು ಹೇಳಬೇಕು ಅನಿಸುತ್ತದೋ ಅದನ್ನೇ ಹೇಳು.

ನೀ. ಮೇತ್ರಿ


ಬೈಲಹೊಂಗಲ
ತಾ. 22-3-1976

ಮರೆವ್ವಳಿಗೆ ಆಶೀರ್ವಾದಗಳು.

ಭಲೇ!

ಮಾತಾಡಿ ಮುಗಿಸಿ ಕೆಳಗೆ ಇಳಿದವಳು ತಿರುಗಿ ನೋಡದೆ ಬಸ್ ಸ್ಟ್ಯಾಂಡಿಗೆ ಹೋದೆಯಂತೆ. ಹಿಂದೆ ಏನಾಯಿತು ಎಂದು ಕೇಳು. ಗೌಡರು ಸೀರೆ ಹಿಡಿದುಕೊಂಡು "ಹಿರಿಯರನ್ನ ಕಂಡು ಬೂಟ ಕಳದ ಸಂಸ್ಕಾರವಂತ ಹುಡುಗಿ" ಎಂದು ಭಾಷಣ ಮಾಡುವವರೆಗೆ ನಾನು ಪೆಂಡಾಲಿನ ಹಿಂದಿನ ಕಂಬ ಹಿಡಿದು ಹಲ್ಲು ಕಡಿಯುತ್ತಿದ್ದೆ. ನೀನು ಮೈಕಿನ ಮುಂದೆ ನಿಂತು, "ಗೌಡ್ರ, ನಾ ನಿಮ್ಮನ್ನ ನೋಡೇ ಇಲ್ರಿ, ರಾಶಿ ನೋಡಿ ಕಳದೇನಿ" ಅಂದಾಗ ಸಾಕು ಎನಿಸಿತ್ತು. ಅಷ್ಟಕ್ಕೇ ಬಿಡದೆ ಕೇಳಿದೆಯಲ್ಲ, "ಕಣದಾಗ ನೀವೂ ಬರಿಗಾಲಾಗ ಕೂಡತೀರಿ. ನೀವು ಯಾರನ್ನ ಕಂಡು ಕಳೀತೀರಿ?" ಎಂದು! ಗೌಡರು ಸೀರೆಯನ್ನು ಮೇಜಿನ ಮೇಲೆ ಇಟ್ಟುಬಿಟ್ಟರು. ಹಿಂದೆ ಕುಳಿತಿದ್ದ ರೈತರು ಮೊದಲು ನಕ್ಕರು. ಆಮೇಲೆ ಹುಡುಗರು ಸಿಳ್ಳೆ ಹಾಕಿದರು. ಪ್ರಿನ್ಸಿಪಾಲರು ಮೈಕು ಕೆಟ್ಟಿದೆ ಎಂದು ಮೈಕಿನಲ್ಲೇ ಹೇಳಿದರು.

ಓಟದ ದಿನ ನಾನು ಗೌಡರ ಮುಖ ನೋಡಿದ್ದೆ, ಕಾಲು ನೋಡಿರಲಿಲ್ಲ. ಅದು ನನ್ನ ತಪ್ಪು. ನಾನು ಕೈ ನೋಯುವವರೆಗೆ ಚಪ್ಪಾಳೆ ತಟ್ಟಿದೆ. ಉಳಿದ ಮಾಸ್ತರರು ಕೈ ಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದರು.

ಪರೀಕ್ಷೆ ಚೆನ್ನಾಗಿ ಬರೆ. ನಾನು ರಜೆಗೆ ರಾಮದುರ್ಗಕ್ಕೆ ಹೊರಟಿದ್ದೇನೆ.

ನೀಲಪ್ಪ ಮೇತ್ರಿ


ಬೈಲಹೊಂಗಲ
ತಾ. 5-7-1976

ಮೇತ್ರಿ ಸರ್ ಅವರಿಗೆ,

ರಜೆ ಮುಗಿದು ಬಂದೆ. ಮೈದಾನದಲ್ಲಿ ಬೇರೆ ಯಾರೋ ಸೀಟಿ ಊದುತ್ತಿದ್ದರು. ಹಾಸ್ಟೆಲಿನಲ್ಲಿ ಅಡುಗೆ ಮಾಡುವ ಇಂದ್ರವ್ವ ಎಲ್ಲ ಹೇಳಿದಳು. "ನಿನ್ನ ಮೇತ್ರಿ ಮಾಸ್ತರನ್ನ ಗ್ಯಾದರಿಂಗ್ ದಿನಾ ಸಂಜಿಕೇನ ಬಿಡಿಸಿ ಕಳಿಸಿದ್ರವ್ವಾ. ಗೌಡ್ರು ನಿನ್ನ ಮ್ಯಾಲ ಖುಷಿಯಾಗಿ ಅವರನ್ನ ಕಾಯಂ ಮಾಡೂ ಆರ್ಡರು ಅವತ್ತ ಸ್ಟೇಜ್ ಮ್ಯಾಲ ಕೊಡಾವ್ರಿದ್ರಂತ. ಸಹಿ ಮಾಡೂದಷ್ಟ ಉಳದಿತ್ತಂತ" ಅಂದಳು.

ಸಹಿ ಆಗಿದೆ ಎಂದು ಕಾರ್ಡು ಬರೆದಿರಲ್ಲ ಸರ್! ನನಗೆ ಸುಳ್ಳು ಹೇಳಿದಿರಿ. ನಿಮ್ಮ ಕೆಲಸ ನನ್ನ ನಾಲಿಗೆಯ ತುದಿಯಲ್ಲಿತ್ತು, ಅದನ್ನು ನನಗೇ ತಿಳಿಸಲಿಲ್ಲ. ತಿಳಿಸಿದ್ದರೆ ಎರಡು ನಿಮಿಷ ಸುಮ್ಮನಿರುತ್ತಿದ್ದೆ. ಸುಮ್ಮನಿರುವುದು ನಮ್ಮಂಥವರಿಗೆ ಬಾರದ ವಿದ್ಯೆಯೇ?

ಹೊಸಬರು ಹುಡುಗಿಯರಿಗೆ ಲೇಜಿಮ್ ಕುಣಿತ ಸಾಕು, ಓಟ ಬೇಡ ಎಂದಿದ್ದಾರೆ. ಒಳ್ಳೆಯದೇ ಆಯಿತು. ನಾನು ಇನ್ನು ಓಡುವುದಿಲ್ಲ.

ಮರೆವ್ವ


ರಾಮದುರ್ಗ
ತಾ. 12-7-1976

ಮರೆವ್ವ,

ಹೌದು, ಸುಳ್ಳು ಹೇಳಿದೆ. ಇನ್ನೊಮ್ಮೆ ಅಂಥ ದಿನ ಬಂದರೆ ಇನ್ನೊಮ್ಮೆ ಹೇಳುತ್ತೇನೆ. ನಿಜ ಹೇಳಿದ್ದರೆ ನೀನು ಸುಮ್ಮನಿರುತ್ತಿದ್ದೆ ಎಂದು ನೀನೇ ಬರೆದಿದ್ದೀ. ಅದಕ್ಕೇ ಹೇಳಲಿಲ್ಲ. ನೀನು ಸುಮ್ಮನಿದ್ದುದರಿಂದ ಸಿಕ್ಕ ಕೆಲಸದಲ್ಲಿ ನಾನು ಯಾವ ಬಾಯಿಂದ ಹುಡುಗಿಯರಿಗೆ "ಎದಿ ಎತ್ತಿ ಓಡ್ರಿ" ಎನ್ನಲಿ?

ನಾನು ಅಳುತ್ತ ಕುಳಿತಿದ್ದೇನೆ ಎಂದುಕೊಂಡೆಯೇನು? ನೇಕಾರರ ಸೊಸೈಟಿಯಲ್ಲಿ ನೂಲಿನ ಗಂಟು ಹೊರುತ್ತಿದ್ದೇನೆ. ಉಣ್ಣುತ್ತೇನೆ, ಮಲಗುತ್ತೇನೆ, ದಿನಾಲು ಓಡುತ್ತೇನೆ. ಓಣಿಯ ನಾಯಿಗಳಿಗೂ ಈಗ ನನ್ನ ಗುರುತು ಸಿಕ್ಕಿದೆ.

ನೀನು ಓಡುವುದಿಲ್ಲವಂತೆ. ನನ್ನ ಹೆಸರು ಹೇಳಿ ಕುಳಿತುಕೊಳ್ಳಬೇಡ. ದಣಿವಾಗಿದ್ದರೆ ದಣಿವಾಗಿದೆ ಎನ್ನು, ಹೆದರಿಕೆಯಾಗಿದ್ದರೆ ಹೆದರಿಕೆ ಎನ್ನು. ನನಗೆ ಕೆಲಸ ಹೋದದ್ದಕ್ಕೆ ಒಂದಿಷ್ಟೂ ದುಃಖವಾಗಲಿಲ್ಲ. ನಿನ್ನ ಆ ಒಂದು ಸಾಲಿಗೆ ಆಯಿತು.

ಹೊಸಬ ಬೇಡ ಎಂದರೆ ಅವನು ಏಳುವ ಮೊದಲು ಓಡು. ಊರಿಗೆ ಹೋದಾಗ ಮುನವಳ್ಳಿಯ ಕಡೆ ಹೋಗು. ಬೇಸಿಗೆಯಲ್ಲಿ ಡ್ಯಾಮಿನ ನೀರು ಹಿಂದೆ ಸರಿದು ಮೆತ್ತನೆಯ ನೆಲ ಬೀಳುತ್ತದೆ, ಕಾಲಿಗೆ ಅದಕ್ಕಿಂತ ಒಳ್ಳೆಯ ಮಾಸ್ತರ ಇಲ್ಲ. ಬೂಟು ಹಾಕುವುದು, ಬಿಡುವುದು ನಿನ್ನ ಇಷ್ಟ. ಅದರ ಬಗ್ಗೆ ನಾನು ಇನ್ನು ಮಾತಾಡುವುದಿಲ್ಲ.

ನೀಲಪ್ಪ ಮೇತ್ರಿ


ಬೈಲಹೊಂಗಲ
ತಾ. 16-1-1978

ಪ್ರೀತಿಯ ಮೇತ್ರಿ ಸರ್ ಅವರಿಗೆ ಮರೆವ್ವಳ ನಮಸ್ಕಾರಗಳು.

ಒಂದೂವರೆ ವರ್ಷ ಪತ್ರ ಬರೆಯಲಿಲ್ಲ. ಬರೆದರೆ ನೀವು ಹೇಳಿದ್ದು ಸರಿ ಎಂದು ಬರೆಯಬೇಕಾಗುತ್ತಿತ್ತು. ಅದು ನನ್ನಿಂದ ಆಗಲಿಲ್ಲ.

ಸರ್, ಅಂತರ ಕಾಲೇಜು ಓಟದಲ್ಲಿ ಮೊದಲು ಬಂದೆ. ನಿಮ್ಮ ಪತ್ರ ಬಂದ ಮರುದಿನದಿಂದಲೇ ಓಡುತ್ತಿದ್ದೆ. ಸಿಟ್ಟಿನಿಂದ ಶುರು ಮಾಡಿದ್ದು. ಮೊದಮೊದಲು ನಿಮ್ಮನ್ನು ಬೈಯುತ್ತ ಓಡಿದೆ, ಆಮೇಲೆ ಗೌಡರನ್ನು, ಆಮೇಲೆ ಬೈಯಲು ಯಾರೂ ಉಳಿಯಲಿಲ್ಲ, ಓಡುವುದೇ ಉಳಿಯಿತು. ನನ್ನನ್ನು ನೋಡಿ ಗುರುಬಸವ್ವ, ಚನ್ನವ್ವ ಕೂಡ ಬರತೊಡಗಿದರು. ಅವರ ಮನೆಯವರು ಮೊದಲು ನನ್ನ ಜೊತೆ ಸೇರಬೇಡಿ ಎಂದಿದ್ದರಂತೆ. ಈಗ ತಾವೇ "ಮರೆವ್ವ ಬಂದ್ಲು, ಏಳ" ಎಂದು ಎಬ್ಬಿಸಿ ಕಳಿಸುತ್ತಾರೆ. ಮೂವರಾದ ಮೇಲೆ ಓಟ ಬೇಡ ಎಂದವರೇ ನಮ್ಮ ಹೆಸರು ಕೊಡಬೇಕಾಯಿತು.

ಗೆದ್ದ ಕಪ್ಪು ಕೈಗೆ ಬಂದ ಮೇಲೆ ಸೀಟಿ ಊದುವವರು ನನ್ನ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ತೆಗೆಸಿಕೊಳ್ಳಲಿ. ಪತ್ರಿಕೆಯವರು ಯಾರು ತಯಾರು ಮಾಡಿದ್ದು ಎಂದು ಕೇಳಿದಾಗ ನಾನು ನಿಮ್ಮ ಹೆಸರು ಹೇಳಿದೆ. ಅವರು ಅಚ್ಚು ಹಾಕಲಿಲ್ಲ.

ಈ ಪತ್ರ ನಿಮಗೆ ಮುಟ್ಟುತ್ತದೋ ಇಲ್ಲವೋ. ನೀವು ರಾಮದುರ್ಗ ಬಿಟ್ಟಿರಿ ಎಂದು ಕೇಳಿದ್ದೇನೆ.

ಮರೆವ್ವ


ಕಿತ್ತೂರು
ತಾ. 27-1-1978

ಮರೆವ್ವಳಿಗೆ ಅನೇಕ ಆಶೀರ್ವಾದಗಳು.

ಪತ್ರ ರಾಮದುರ್ಗ ಸುತ್ತಿ ಇಲ್ಲಿಗೆ ಬಂತು. ಇಷ್ಟು ದಿನ ಸುದ್ದಿ ಇಲ್ಲದ್ದು ನೋಡಿ ನಿನ್ನ ಮದುವೆ ಆಯಿತು ಎಂದೇ ತಿಳಿದಿದ್ದೆ. ಅಕ್ಕಿಕಾಳು ಹಾಕಲಿಕ್ಕೂ ಕರೆಯಲಿಲ್ಲ ನೋಡು ಎಂದು ಬೈದುಕೊಂಡಿದ್ದೆ. ಓಟದ ದಿನ ಮೈದಾನಕ್ಕೆ ಬಂದರೆ ಮದುಮಗಳು ಚಡ್ಡಿ ಹಾಕಿಕೊಂಡು ಗೆರೆಯ ಮೇಲೆ ನಿಂತಿದ್ದಾಳೆ!

ಹೌದು, ನಾನು ಅಲ್ಲಿದ್ದೆ. ಈಗ ಕಿತ್ತೂರಿನ ಕಾಲೇಜಿನಲ್ಲಿ ಹಂಗಾಮಿ ಕೋಚ್. ಕೊನೆಯ ತಿರುವಿನಲ್ಲಿ ನಿನ್ನ ಹಿಂದೆ ಬಿದ್ದಿದ್ದ ಉದ್ದ ಜಡೆಯವಳು ನನ್ನ ಹುಡುಗಿ, ಕಾಡವ್ವ. ಅವಳಿಗೆ "ಹಿಡೀ ಆಕಿನ್ನ, ಹಿಡೀ" ಎಂದು ಕೂಗಿದ ಗಂಟಲು ನನ್ನದೇ. ಅವಳು ಹಿಡಿಯಲಿಲ್ಲ. ನನಗೆ ಸಿಟ್ಟು ಬರಬೇಕಾಗಿತ್ತು, ಕಣ್ಣಲ್ಲಿ ನೀರು ಬಂತು. ಆ ಮುಖ ಹೊತ್ತುಕೊಂಡು ನಿನ್ನ ಹತ್ತಿರ ಬರುವುದು ಬೇಡ ಎಂದು ಬಸ್ ಹತ್ತಿದೆ.

ಪತ್ರಿಕೆಯವರ ಮಾತು ಬಿಡು. ಮುಂದೆ ಓದು. ದೈಹಿಕ ಶಿಕ್ಷಣದ ಪದವಿ ಮಾಡು. ಕೊರಳಲ್ಲಿ ಸೀಟಿ ಹಾಕಿಕೊಳ್ಳುವ ಹೆಂಗಸರು ಈ ಕಡೆ ಇಲ್ಲವೇ ಇಲ್ಲ.

ನೀಲಪ್ಪ ಮೇತ್ರಿ


ಸಿರಸಂಗಿ
ತಾ. 4-6-1979

ಮೇತ್ರಿ ಸರ್ ಅವರಿಗೆ ನಮಸ್ಕಾರಗಳು.

ನೀವು ಹೇಳಿದ್ದ ದೈಹಿಕ ಶಿಕ್ಷಣದ ಪದವಿ ಮುಗಿಯಿತು. ಒಂದು ಮಾತು ನಿಮಗೆ ಹೇಳದೆ ಮಾಡಿದ್ದೇನೆ. ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ನಿಮ್ಮ ಹಳೆಯ ಜಾಗ ಖಾಲಿಯಾಗಿದೆ, ಈ ಸಲ ಸರಕಾರದ ಅನುದಾನದ ಕಾಯಂ ಕೆಲಸ. ನಾನು ಅರ್ಜಿ ಹಾಕಿದ್ದೇನೆ. ಗೌಡರು ಈಗಲೂ ಅಧ್ಯಕ್ಷರು, ನನ್ನನ್ನು ತೆಗೆದುಕೊಳ್ಳುವುದಿಲ್ಲ ಎಂಬುದು ಗೊತ್ತು. ಅವರ ಎದುರಿಗೆ ಕುರ್ಚಿ ಎಳೆದು ಕೂಡಬೇಕು, ಅಷ್ಟೇ.

ಮರೆವ್ವ


ಕಿತ್ತೂರು
ತಾ. 4-6-1979

ಮರೆವ್ವಳಿಗೆ ಆಶೀರ್ವಾದಗಳು.

ನಗಬೇಡ. ಬೈಲಹೊಂಗಲದ ಜಾಗಕ್ಕೆ ಅರ್ಜಿ ಹಾಕಿದ್ದೇನೆ. ನನ್ನನ್ನು ಹೊರಗೆ ಹಾಕಿದ ಬಾಗಿಲಿನಿಂದಲೇ ಒಳಗೆ ಹೋಗಬೇಕೆಂದು ಮೂರು ವರ್ಷದಿಂದ ಕಾದಿದ್ದೇನೆ. ಇಲ್ಲಿ ಇನ್ನೂ ಹಂಗಾಮಿಯೇ. ನಲವತ್ತು ದಾಟಿತು, ಇದು ಕೊನೆಯ ಅವಕಾಶ. ಹುಚ್ಚು ಅನಿಸಿದರೆ ಹುಚ್ಚು ಎಂದು ಬರೆ.

ನೀಲಪ್ಪ ಮೇತ್ರಿ


ಸಿರಸಂಗಿ
ತಾ. 7-6-1979

ಸರ್,

ನಮ್ಮ ಪತ್ರಗಳು ದಾರಿಯಲ್ಲೇ ಒಂದನ್ನೊಂದು ದಾಟಿ ಹೋದವು. ನಾನು ಇವತ್ತೇ ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ. ಆ ಕೆಲಸ ನಿಮ್ಮದು. ನನ್ನಿಂದ ಹೋದದ್ದು ನಿಮಗೇ ಬರಬೇಕು.

ಮರೆವ್ವ


ಕಿತ್ತೂರು
ತಾ. 9-6-1979

ಮರೆವ್ವ,

ವಾಪಸು ತೆಗೆದುಕೊಂಡರೆ ನಿನ್ನ ಮುಖ ನೋಡುವುದಿಲ್ಲ. ಗೆರೆಯ ಮೇಲೆ ನಿಂತವಳು ಪಕ್ಕದವನ ಮುಖ ನೋಡಿ ಹಿಂದೆ ಸರಿಯುವುದನ್ನು ನಾನು ಯಾವಾಗ ಕಲಿಸಿದೆ? ನನಗೆ ದಾನ ಬೇಕಾಗಿಲ್ಲ. ನನ್ನನ್ನು ಸೋಲಿಸುವ ತಾಕತ್ತು ಇದ್ದರೆ ಬಂದು ಸೋಲಿಸು, ಇಲ್ಲದಿದ್ದರೆ ಬಂದು ಸೋಲು. ನಾನಂತೂ ಬಿಟ್ಟುಕೊಡುವುದಿಲ್ಲ.

ನೀಲಪ್ಪ ಮೇತ್ರಿ


ಬೈಲಹೊಂಗಲ
ತಾ. 2-7-1979

ಮೇತ್ರಿ ಸರ್ ಅವರಿಗೆ,

ಹೇಗೆ ಬರೆಯಲಿ ಎಂದು ತಿಳಿಯುತ್ತಿಲ್ಲ. ಆರ್ಡರು ನನ್ನ ಹೆಸರಿಗೆ ಬಂದಿದೆ.

ಸಂದರ್ಶನದ ದಿನ ವರಾಂಡದ ಬೆಂಚಿನ ಮೇಲೆ ನೀವು ಆ ತುದಿಗೆ, ನಾನು ಈ ತುದಿಗೆ ಕುಳಿತಿದ್ದೆವು. ನೀವು ನನ್ನತ್ತ ನೋಡಲೂ ಇಲ್ಲ. ಒಳಗೆ ಗೌಡರು ಕೇಳಿದ್ದು ಒಂದೇ ಪ್ರಶ್ನೆ. "ನಿನಗ ವಿದ್ಯಾ ಕಲಿಸಿದಾಂವ ಹೊರಗ ಕುಂತಾನ. ಅವನ ಅನ್ನಕ್ಕ ಕಲ್ಲ ಹಾಕಾಕ ಬಂದಿ ಏನ?"

ಕುರ್ಚಿ ಮುಂದೆ ಎಳೆದು ಕುಳಿತೆ ಸರ್. ಹೇಳಿಯೇಬಿಟ್ಟೆ. "ಆ ಕಲ್ಲ ಹಾಕಿದವ್ರು ನೀವ್ರೀ. ನಾ ಅವರ ಮಾತ ನಡಸಾಕ ಬಂದೇನಿ. ಅವರು ಕಲಿಸಿದ್ದನ್ನ ಅವರಕಿಂತಾ ಛಲೋ ಕಲಿಸತೇನಿ."

ಹಾಗೆ ಅಂದೆ. ಈಗ ನಿಮಗೆ ಮುಖ ತೋರಿಸಲು ಆಗುತ್ತಿಲ್ಲ. ನೀವು ಹೂಂ ಅನ್ನುವವರೆಗೆ ನಾನು ಹಾಜರಾಗುವುದಿಲ್ಲ.

ಮರೆವ್ವ


ಕಿತ್ತೂರು
ತಾ. 5-7-1979

ಬೈಲಹೊಂಗಲ ಕಾಲೇಜಿನ ಕೋಚ್ ಮರೆವ್ವ ಅವರಿಗೆ,

ಹೂಂ. ಹೂಂ. ಹೂಂ. ಸಾಕೇ?

ಒಳಗೆ ನಡೆದದ್ದೆಲ್ಲ ನನಗೆ ಆಗಲೇ ಗೊತ್ತು. ಚಹಾ ಒಯ್ದಿದ್ದ ಸಿಪಾಯಿ ದುಂಡಪ್ಪ ಹೊರಗೆ ಬಂದು ಎಲ್ಲ ಹೇಳಿದ. ನನಗೆ ಗೌಡರು "ಇನ್ನ ಮ್ಯಾಲರೆ ಹೊಂದಕೊಂಡು ಹೋಗತೀರೇನ್ರಿ ಮೇತ್ರಿ?" ಎಂದು ಕೇಳಿದ್ದರು. ಇಲ್ಲ ಎಂದಿದ್ದೆ. ಅನುದಾನ ಕೊಡುವ ಸರಕಾರದ ಇಲಾಖೆಯಿಂದ ಬಂದಿದ್ದ ಆ ಬೋಳುತಲೆಯ ಸಾಹೇಬರು ನಮ್ಮಿಬ್ಬರದೂ ಕೇಳಿಸಿಕೊಂಡು ಚಹಾ ಕೆಳಗಿಟ್ಟು, "ಇಬ್ಬರೂ ಮೊಂಡರದಾರ. ಸಣ್ಣಾಕಿನ್ನ ತಗೋರಿ, ಭಾಳ ವರ್ಷ ಜಗಳಾಡತಾಳ. ಇಲ್ಲಂದ್ರ ನಾ ಸಹಿ ಮಾಡಂಗಿಲ್ಲ" ಅಂದರಂತೆ. ಗೌಡರು ತಮ್ಮ ಸಹಿ ಹಾಕಿ ಕಾಗದ ಆಚೆ ದೂಡಿದರಂತೆ.

ನನಗೆ ನೋವಾಗಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳು. ಕಿತ್ತೂರಿನ ಬಸ್ಸಿನಲ್ಲಿ ಕಿಟಕಿಗೆ ಮುಖ ಹಚ್ಚಿಕೊಂಡು ಬಂದೆ. ಆ ಬಾಗಿಲಿನಿಂದ ಒಳಗೆ ಹೋಗಬೇಕೆಂಬ ಆಸೆ ಬಹಳ ಇತ್ತು. ಆದರೆ ನನ್ನನ್ನು ಹಿಂದೆ ಹಾಕಿದವಳು ನಾನೇ ಓಡಿಸಿದವಳು. ನನಗಿಂತ ಚೆನ್ನಾಗಿ ಕಲಿಸುತ್ತೇನೆ ಎಂದವಳು. ಅಷ್ಟು ಸೊಕ್ಕು ನಿನಗೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನನ್ನ ವಿಳಾಸ ಕೊಡು.

ಈಗ ಕೆಲಸದ ಮಾತು. ಇಲ್ಲಿ ಆರು ಹುಡುಗಿಯರು ಇದ್ದಾರೆ. ಕಾಡವ್ವ ಹೋದ ವರ್ಷದ ಕಾಡವ್ವ ಅಲ್ಲ. ಡಿಸೆಂಬರಿನ ಓಟದಲ್ಲಿ ನಿಮ್ಮ ಬೈಲಹೊಂಗಲಕ್ಕೆ ಮಣ್ಣು ಮುಕ್ಕಿಸಲಿಕ್ಕೆ ಬರುತ್ತಿದ್ದೇವೆ. ಗುರು ಎಂದು ನೀವು ಒಂದು ಹೆಜ್ಜೆ ಬಿಟ್ಟುಕೊಟ್ಟದ್ದು ಕಂಡರೆ ಮೈದಾನದಲ್ಲೇ ಜಗಳಾಡುತ್ತೇನೆ.

ಅಲ್ಲಿಯವರೆಗೆ ನನಗೆ ಪತ್ರ ಬರೆಯಬೇಡಿ. ಎದುರಾಳಿಗಳು ಪತ್ರ ಬರೆದುಕೊಳ್ಳುವುದಿಲ್ಲ.

ನೀಲಪ್ಪ ಮೇತ್ರಿ
ಕೋಚ್, ಕಿತ್ತೂರು